ಕೂಡದ ಕಾಲರ್ ಮೂಳೆಗೆ ಶಸ್ತ್ರಚಿಕಿತ್ಸೆ: ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಕುತ್ತಿಗೆಯ ಕೆಳಗೆ, ಎದೆಯ ಮೂಳೆಯಿಂದ ಭುಜದವರೆಗೆ ಅಡ್ಡಲಾಗಿರುವ ಮೂಳೆಯನ್ನು ಕಾಲರ್ ಮೂಳೆ ಎನ್ನುತ್ತಾರೆ. ದ್ವಿಚಕ್ರ ವಾಹನದಿಂದ ಭುಜದ ಮೇಲೆ ಬಿದ್ದಾಗ ಇದು ಸುಲಭವಾಗಿ ಮುರಿಯುತ್ತದೆ. ಮುರಿತ ಹೆಚ್ಚಾಗಿ ಮಧ್ಯಭಾಗದಲ್ಲಾಗುತ್ತದೆ. ಬಹುತೇಕ ರೋಗಿಗಳಲ್ಲಿ ಕೈಯನ್ನು ಜೋಳಿಗೆಪಟ್ಟಿಯಲ್ಲಿ ಇಟ್ಟರೆ 6ರಿಂದ 12 ವಾರಗಳಲ್ಲಿ ಮೂಳೆ ತಾನೇ ಕೂಡುತ್ತದೆ. ಶಸ್ತ್ರಚಿಕಿತ್ಸೆಯ ಅವಶ್ಯಕತೆ ಇರುವುದಿಲ್ಲ.

ಸಾಮಾನ್ಯವಾಗಿ 6 ತಿಂಗಳು ಕಳೆದರೂ ಕೂಡದಿದ್ದಲ್ಲಿ ಅದನ್ನು ಕೂಡದ ಮುರಿತವೆಂದು ಪರಿಗಣಿಸಲಾಗುತ್ತದೆ. ತುದಿಗಳು ಒಂದಕ್ಕೊಂದು ತಾಗದಷ್ಟು ಸರಿದಿರುವುದು, ಮೂಳೆ ಚೂರುಚೂರಾಗಿರುವುದು ಮತ್ತು ಧೂಮಪಾನ ಇದಕ್ಕೆ ಮುಖ್ಯ ಕಾರಣಗಳು. ಭುಜ ಎತ್ತಿದಾಗ ನೋವು, ಮುರಿದೆಡೆ ಅಲುಗಾಟ, ಭಾರ ಹೊರಲು ಅಶಕ್ತತೆ ಇದರ ಲಕ್ಷಣಗಳು. ಭತ್ತದ ಮೂಟೆ ಹೊರುವ ಹಮಾಲರಿಗೆ ಇದು ಜೀವನೋಪಾಯದ ಪ್ರಶ್ನೆಯೇ ಆಗುತ್ತದೆ. ಮೂಳೆ ಕೂಡಿದ್ದರೂ ಗಿಡ್ಡವಾಗಿ ಅಥವಾ ವಕ್ರವಾಗಿ ಕೂಡಿರುವುದು ಬೇರೆ ಸ್ಥಿತಿ. ಅದರಿಂದ ತೊಂದರೆಯಿದ್ದಲ್ಲಿ ಮಾತ್ರ ಮೂಳೆಯನ್ನು ಕತ್ತರಿಸಿ ಸರಿಪಡಿಸುತ್ತಾರೆ. ಕಾಣುವ ಉಬ್ಬನ್ನು ತೆಗೆಸುವುದಕ್ಕಷ್ಟೇ ಶಸ್ತ್ರಚಿಕಿತ್ಸೆಗೆ ಒಳಗಾಗುವುದು ಉಚಿತವಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಮುರಿದ ತುದಿಗಳ ನಡುವೆ ಬೆಳೆದ ನಾರಿನಂತಹ ಅಂಗಾಂಶವನ್ನು ತೆಗೆದು, ರಕ್ತ ಒಸರುವ ಜೀವಂತ ಮೂಳೆ ಕಾಣುವವರೆಗೆ ತುದಿಗಳನ್ನು ಶುದ್ಧಗೊಳಿಸಿ, ಲೋಹದ ಪ್ಲೇಟು ಹಾಗೂ ಸ್ಕ್ರೂಗಳಿಂದ ಬಿಗಿಯಲಾಗುತ್ತದೆ. ಅಗತ್ಯವಿದ್ದಲ್ಲಿ ರೋಗಿಯ ಸೊಂಟದ ಮೂಳೆಯಿಂದಲೇ ಸ್ವಲ್ಪ ಭಾಗ ತೆಗೆದು ಆ ಸ್ಥಳದಲ್ಲಿ ತುಂಬಲಾಗುತ್ತದೆ. ಸೊಂಟದಲ್ಲಿಯೂ ಒಂದು ಗಾಯವಾಗುವುದೆಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಈ ಮೂಳೆಯ ಕೆಳಗೆಯೇ ಕೈಗೆ ಹೋಗುವ ದೊಡ್ಡ ರಕ್ತನಾಳ ಹಾಗೂ ನರಗಳು ಇರುವುದರಿಂದ ಮೂಳೆರೋಗ ತಜ್ಞರಿಂದಲೇ ಈ ಚಿಕಿತ್ಸೆ ನಡೆಯತಕ್ಕದ್ದು. ಸೋಂಕು, ಗಾಯದ ಕೆಳಗಿನ ಚರ್ಮ ಜೋಮು ಹಿಡಿಯುವುದು, ಪ್ಲೇಟು ಚರ್ಮದಡಿ ತಾಗುವುದು ಸಂಭವನೀಯ ತೊಂದರೆಗಳು. ಎಕ್ಸ್-ರೇಯಲ್ಲಿ ಮೂಳೆ ಕೂಡಿದ್ದು ಖಚಿತವಾಗುವವರೆಗೆ, ಅಂದರೆ ಸುಮಾರು 3 ತಿಂಗಳು, ಭಾರ ಎತ್ತಬಾರದು. ಬೀಡಿ, ಸಿಗರೇಟು ಸೇದುವವರು ಬಿಡದಿದ್ದಲ್ಲಿ ಮತ್ತೆ ಕೂಡದಿರುವ ಸಾಧ್ಯತೆ ಹೆಚ್ಚು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಜಾರಿಯಲ್ಲಿದೆ. ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ. ಇದರ ವಾರ್ಷಿಕ ಮಿತಿ ರೂ. 1.5 ಲಕ್ಷ. ಯಶಸ್ವಿನಿ ಯೋಜನೆಯು ಸಹಕಾರ ಸಂಘಗಳ ಸದಸ್ಯರಿಗೆ ಪ್ರತ್ಯೇಕವಾಗಿದ್ದು, ಅದಕ್ಕೆ ಮುಂಚಿತವಾಗಿ ನೋಂದಣಿಯಾಗಿರಬೇಕು.

ಅರ್ಜಿದಾರರು ಪಡಿತರ ಚೀಟಿ ಹಾಗೂ ಆಧಾರ್ ಕಾರ್ಡಿನೊಂದಿಗೆ ಮೊದಲು ಸಿಂಧನೂರು ಅಥವಾ ಲಿಂಗಸುಗೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಮಸ್ಕಿ ತಾಲ್ಲೂಕಿನವರು ಇವೆರಡರಲ್ಲಿ ಸಮೀಪದ್ದಕ್ಕೆ ಹೋಗಬಹುದು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂತಹ ಮೇಲಿನ ಆಸ್ಪತ್ರೆಗೆ ಶಿಫಾರಸು ಪತ್ರ ನೀಡಲಾಗುತ್ತದೆ. ಇದು ತುರ್ತು ಚಿಕಿತ್ಸೆಯಲ್ಲದ ಕಾರಣ ಶಿಫಾರಸು ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾದವರು ಸೌಲಭ್ಯದಿಂದ ವಂಚಿತರಾಗುವ ಸಂಭವವಿದೆ. ಅರ್ಹ ಬಿ.ಪಿ.ಎಲ್. ರೋಗಿಗಳು ಯೋಜನೆಯಡಿ ಪ್ಲೇಟು, ಸ್ಕ್ರೂಗಳಿಗಾಗಿ ಪ್ರತ್ಯೇಕ ಹಣ ನೀಡಬೇಕಾಗಿಲ್ಲ.

ಮೊದಲ ದಿನದಿಂದ ತೆಗೆಸಿದ ಎಲ್ಲ ಎಕ್ಸ್-ರೇ ಫಿಲ್ಮುಗಳನ್ನು ದಿನಾಂಕ ಸಹಿತ ತರುವುದು. ಮೂಳೆ ಕೂಡಿಲ್ಲವೆಂಬುದು ಒಂದು ಫಿಲ್ಮಿನಿಂದ ತಿಳಿಯುವುದಕ್ಕಿಂತ ಹಳೆಯದರೊಂದಿಗೆ ಹೋಲಿಸಿದಾಗ ಸ್ಪಷ್ಟವಾಗುತ್ತದೆ. ನಾಟಿ ವೈದ್ಯರಲ್ಲಿ ಪಟ್ಟು ಹಾಕಿಸಿದ್ದಲ್ಲಿ ಅದನ್ನೂ ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸುವುದು.

ಹೆಚ್ಚಿನ ಮಾಹಿತಿಗೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಬಹುದು.