ನವೀಕೃತ ಎಲೆಕ್ಟ್ರಾನಿಕ್ ಸಾಧನಗಳು

ಒಮ್ಮೆ ಮಾರಾಟವಾಗಿ ಹಿಂದಿರುಗಿದ ಅಥವಾ ಕೆಲಕಾಲ ಬಳಕೆಯಲ್ಲಿದ್ದ ಮೊಬೈಲ್ ಫೋನ್, ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಮುಂತಾದ ಉಪಕರಣಗಳನ್ನು ಪರೀಕ್ಷಿಸಿ, ಅಗತ್ಯವಿದ್ದಲ್ಲಿ ದುರಸ್ತಿಗೊಳಿಸಿ, ಹಿಂದಿನ ಬಳಕೆದಾರರ ದತ್ತಾಂಶವನ್ನು ಅಳಿಸಿ ಮರುಮಾರಾಟಕ್ಕೆ ಸಿದ್ಧಪಡಿಸಿದಾಗ ಅವುಗಳನ್ನು ನವೀಕೃತ ಎಲೆಕ್ಟ್ರಾನಿಕ್ ಸಾಧನಗಳು ಎನ್ನಲಾಗುತ್ತದೆ. ಮಾರುಕಟ್ಟೆಯಲ್ಲಿ ಇವು ‘ರಿಫರ್ಬಿಶ್ಡ್’ ಎಂಬ ಹೆಸರಿನಿಂದಲೇ ಪರಿಚಿತವಾಗಿವೆ. ಇವುಗಳ ಮುಖ್ಯ ಆಕರ್ಷಣೆ ಕಡಿಮೆ ಬೆಲೆ. ಆದರೆ ಆ ಉಳಿತಾಯವು ನಿಜವಾದುದೇ ಎಂಬುದನ್ನು ಸಾಧನದ ಹೊರನೋಟಕ್ಕಿಂತ ಅದರ ಉಳಿದ ಬಾಳಿಕೆಯೇ ನಿರ್ಧರಿಸುತ್ತದೆ.

ಅರ್ಥ ಮತ್ತು ವ್ಯತ್ಯಾಸ

ಸೆಕೆಂಡ್ ಹ್ಯಾಂಡ್ ಸಾಧನವನ್ನು ಸಾಮಾನ್ಯವಾಗಿ ಇದ್ದ ಸ್ಥಿತಿಯಲ್ಲಿಯೇ ಮಾರಲಾಗುತ್ತದೆ. ನವೀಕೃತ ಸಾಧನದಲ್ಲಿ ಪರೀಕ್ಷೆ, ದುರಸ್ತಿ ಮತ್ತು ವಾರಂಟಿ ಸೇರಿರುತ್ತವೆ ಎಂಬುದು ನಿರೀಕ್ಷೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022, ಬಳಸಿದ ಉಪಕರಣವನ್ನು ಅದರ ಮೂಲ ಉದ್ದೇಶಕ್ಕಾಗಿಯೇ ಮತ್ತಷ್ಟು ಕಾಲ ಬಾಳುವಂತೆ ದುರಸ್ತಿ ಮಾಡಿ ಮಾರುವುದನ್ನು ಅಥವಾ ಮಾಲೀಕರಿಗೆ ಹಿಂದಿರುಗಿಸುವುದನ್ನು ನವೀಕರಣವೆಂದು ಪರಿಗಣಿಸುತ್ತವೆ. ನವೀಕರಣಕಾರರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದೂ ಈ ನಿಯಮಗಳು ವಿಧಿಸುತ್ತವೆ.

ಮಾರಾಟಗಾರರು ಬಳಸುವ ‘ಎ’, ‘ಬಿ’, ‘ಸಿ’ ಅಥವಾ ‘ಅತ್ಯುತ್ತಮ’, ‘ಉತ್ತಮ’ ಎಂಬ ದರ್ಜೆಗಳನ್ನು ಆಯಾ ಮಾರಾಟಗಾರರೇ ನಿಗದಿಪಡಿಸುತ್ತಾರೆ. ಇವು ಬಹುಮಟ್ಟಿಗೆ ಗೀರು, ತಗ್ಗು ಮೊದಲಾದ ಹೊರಗಿನ ಗುರುತುಗಳನ್ನು ಸೂಚಿಸುತ್ತವೆ. ಆದ್ದರಿಂದ ‘ಎ’ ದರ್ಜೆಯ ಸಾಧನದಲ್ಲಿಯೂ ಹಳೆಯ ಬ್ಯಾಟರಿ ಇರುವುದು ಸಾಧ್ಯ.

ಪೂರೈಕೆಯ ಮೂಲಗಳು

ಗ್ರಾಹಕರು ಕೆಲವೇ ದಿನಗಳಲ್ಲಿ ಹಿಂದಿರುಗಿಸಿದ ಸಾಧನಗಳು, ವಿನಿಮಯ ಯೋಜನೆಗಳಲ್ಲಿ ಬಂದ ಹಳೆಯ ಫೋನುಗಳು ಹಾಗೂ ಕಂಪನಿಗಳು ಗುತ್ತಿಗೆಯ ಅವಧಿ ಮುಗಿದ ಮೇಲೆ ಬಿಟ್ಟುಕೊಡುವ ಲ್ಯಾಪ್‌ಟಾಪ್‌ಗಳು ಪೂರೈಕೆಯ ಮುಖ್ಯ ಮೂಲಗಳಾಗಿವೆ. ಕೆಲವು ತಯಾರಕರು ತಾವೇ ನವೀಕರಣ ಮಾಡಿ ಮಾರುತ್ತಾರೆ. ಆ್ಯಪಲ್ ಸಂಸ್ಥೆಯು ತಾನೇ ನವೀಕರಿಸಿ ಮಾರುವ ಐಫೋನ್‌ಗಳಿಗೆ ಹೊಸ ಬ್ಯಾಟರಿ ಮತ್ತು ಹೊಸ ಹೊರಕವಚವನ್ನು ಅಳವಡಿಸಿ, ಒಂದು ವರ್ಷದ ವಾರಂಟಿ ನೀಡುತ್ತದೆ. ಉಳಿದಂತೆ ಆನ್‌ಲೈನ್ ಮಾರಾಟಗಾರರು ಮತ್ತು ಸ್ಥಳೀಯ ಅಂಗಡಿಗಳು ಈ ವ್ಯಾಪಾರ ನಡೆಸುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯು ಹಳೆಯ ಕಂಪ್ಯೂಟರ್ ಮತ್ತು ಬಿಡಿಭಾಗಗಳ ವ್ಯಾಪಾರಕ್ಕೆ ಹೆಸರಾಗಿದೆ.

ಉಳಿದ ಬಾಳಿಕೆಯನ್ನು ನಿರ್ಧರಿಸುವ ಅಂಶಗಳು

ಬ್ಯಾಟರಿ: ಲಿಥಿಯಂ-ಅಯಾನ್ ಬ್ಯಾಟರಿಯ ಸಾಮರ್ಥ್ಯವು ಬಳಕೆಯಿಂದಲೂ ಕಾಲಕ್ರಮದಿಂದಲೂ ಕುಗ್ಗುತ್ತದೆ. ಆ್ಯಪಲ್ ನೀಡಿರುವ ಮಾಹಿತಿಯಂತೆ ಐಫೋನ್ 14 ಮತ್ತು ಅದಕ್ಕೂ ಹಿಂದಿನ ಮಾದರಿಗಳ ಬ್ಯಾಟರಿಗಳನ್ನು, ಆದರ್ಶ ಸ್ಥಿತಿಯಲ್ಲಿ 500 ಪೂರ್ಣ ಚಾರ್ಜ್ ಆವರ್ತಗಳ ಬಳಿಕ ಮೂಲ ಸಾಮರ್ಥ್ಯದ ಶೇ. 80ರಷ್ಟನ್ನು ಉಳಿಸಿಕೊಳ್ಳುವಂತೆ ರೂಪಿಸಲಾಗಿದೆ. ಐಫೋನ್ 15ರ ಮಾದರಿಗಳಲ್ಲಿ ಇದು 1000 ಆವರ್ತಗಳು. ವಿಂಡೋಸ್ ಲ್ಯಾಪ್‌ಟಾಪ್‌ನ ಬ್ಯಾಟರಿ ವರದಿಯಲ್ಲಿ ಮೂಲ ಸಾಮರ್ಥ್ಯವನ್ನೂ ಈಗಿನ ಪೂರ್ಣ ಸಾಮರ್ಥ್ಯವನ್ನೂ ಹೋಲಿಸಿ ನೋಡಬಹುದು.

ತಂತ್ರಾಂಶ ಬೆಂಬಲ: ಭದ್ರತಾ ಅಪ್‌ಡೇಟ್‌ಗಳು ನಿಂತ ಸಾಧನವು ಚಾಲನೆಯಲ್ಲಿದ್ದರೂ ಬ್ಯಾಂಕಿಂಗ್‌ನಂತಹ ಕೆಲಸಗಳಿಗೆ ಸುರಕ್ಷಿತವಲ್ಲ. ಅಪ್‌ಡೇಟ್ ಅವಧಿಯನ್ನು ಆ ಮಾದರಿಯು ಮಾರುಕಟ್ಟೆಗೆ ಬಂದ ದಿನದಿಂದ ಎಣಿಸಲಾಗುತ್ತದೆಯೇ ಹೊರತು ನವೀಕೃತ ಸಾಧನವನ್ನು ಕೊಂಡ ದಿನದಿಂದಲ್ಲ. ಗೂಗಲ್ ಪಿಕ್ಸೆಲ್ 8 ಮತ್ತು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಸರಣಿಗಳಿಗೆ ಏಳು ವರ್ಷಗಳ ಅಪ್‌ಡೇಟ್ ಘೋಷಿಸಲಾಗಿದೆ. ಅನೇಕ ಅಗ್ಗದ ಫೋನುಗಳಿಗೆ ಈ ಅವಧಿ ಇದಕ್ಕಿಂತ ಬಹಳ ಕಡಿಮೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಭದ್ರತಾ ಘಟಕ ಅಗತ್ಯ. ಇಂಟೆಲ್ ಪ್ರೊಸೆಸರ್‌ಗಳಲ್ಲಿ, ಕೆಲವು ಅಪವಾದಗಳನ್ನು ಬಿಟ್ಟರೆ, ಎಂಟನೆಯ ಅಥವಾ ನಂತರದ ತಲೆಮಾರಿನವುಗಳಿಗೆ ಮಾತ್ರ ಅಧಿಕೃತ ಬೆಂಬಲವಿದೆ. ಇದಕ್ಕಿಂತ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್ ಬಳಸಬಹುದು.

ಒಡೆತನ: ಕಳವಾದ ಫೋನುಗಳೂ ಮರುಮಾರಾಟಕ್ಕೆ ಬರುವ ಅಪಾಯವಿದೆ. *#06# ಒತ್ತಿದಾಗ ಕಾಣುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಪರಿಶೀಲಿಸಬಹುದು. ಈ ಜಾಲತಾಣವು 2023ರ ಮೇ ತಿಂಗಳಲ್ಲಿ ಆರಂಭವಾಯಿತು. ಹಿಂದಿನ ಮಾಲೀಕರು ತಮ್ಮ ಆ್ಯಪಲ್ ಅಥವಾ ಗೂಗಲ್ ಖಾತೆಯನ್ನು ತೆಗೆದುಹಾಕದಿದ್ದರೆ, ದತ್ತಾಂಶ ಅಳಿಸಿದ ಮೇಲೂ ಫೋನ್ ಅವರ ಪಾಸ್‌ವರ್ಡ್ ಕೇಳಬಹುದು. ಕಂಪನಿಗಳಿಂದ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್ ಪಾಸ್‌ವರ್ಡ್ ಅಥವಾ ಕಂಪನಿಯ ದೂರನಿಯಂತ್ರಣ ವ್ಯವಸ್ಥೆ ಉಳಿದಿರುವುದುಂಟು.

ವೆಚ್ಚದ ಲೆಕ್ಕ

ಬೆಲೆಯನ್ನು ಸಾಧನದ ಉಳಿದ ಬಾಳಿಕೆಯ ವರ್ಷಗಳಿಂದ ಭಾಗಿಸಿದರೆ ಹೋಲಿಕೆ ಸುಲಭವಾಗುತ್ತದೆ. ಉದಾಹರಣೆಗೆ, 30,000 ರೂಪಾಯಿಯ ಹೊಸ ಫೋನಿಗೆ ಆರು ವರ್ಷಗಳ ಅಪ್‌ಡೇಟ್ ಇದೆ ಎಂದಿಟ್ಟುಕೊಂಡರೆ ವಾರ್ಷಿಕ ವೆಚ್ಚ 5,000 ರೂಪಾಯಿ. 18,000 ರೂಪಾಯಿಯ ನವೀಕೃತ ಫೋನಿಗೆ ಎರಡೇ ವರ್ಷಗಳ ಅಪ್‌ಡೇಟ್ ಉಳಿದಿದ್ದರೆ ಅದು 9,000 ರೂಪಾಯಿ. ಅದೇ ಬೆಲೆಯ ಮತ್ತೊಂದು ಮಾದರಿಗೆ 3,000 ರೂಪಾಯಿಯ ಹೊಸ ಬ್ಯಾಟರಿ ಹಾಕಿಸಿದ ಮೇಲೆ ಐದು ವರ್ಷಗಳ ಬಾಳಿಕೆ ದೊರೆಯುವುದಾದರೆ ವಾರ್ಷಿಕ ವೆಚ್ಚ 4,200 ರೂಪಾಯಿಗೆ ಇಳಿಯುತ್ತದೆ. ಹೀಗೆ ಒಂದೇ ಬೆಲೆಯ ಎರಡು ನವೀಕೃತ ಫೋನುಗಳಲ್ಲಿ ಒಂದು ಹೊಸದಕ್ಕಿಂತ ದುಬಾರಿಯೂ ಇನ್ನೊಂದು ಅಗ್ಗವೂ ಆಗಬಹುದು. ಕೈಯಲ್ಲಿರುವ ಹಣ ಸೀಮಿತವಾಗಿದ್ದಾಗ ಈ ಲೆಕ್ಕವೊಂದೇ ನಿರ್ಣಾಯಕವಾಗುವುದಿಲ್ಲ; ಪದವಿಯ ಮೂರು ವರ್ಷಗಳಿಗಷ್ಟೇ ಲ್ಯಾಪ್‌ಟಾಪ್ ಬೇಕಾದ ವಿದ್ಯಾರ್ಥಿಗೆ ಅಷ್ಟು ಕಾಲದ ಬಾಳಿಕೆ ಸಾಕಾಗುತ್ತದೆ.

ವಾರಂಟಿ ಮತ್ತು ಗ್ರಾಹಕರ ಹಕ್ಕುಗಳು

ವಾರಂಟಿಯನ್ನು ತಯಾರಕರು ನೀಡುತ್ತಾರೆಯೇ ಮಾರಾಟಗಾರರೇ ಎಂಬುದರ ಮೇಲೆ ದುರಸ್ತಿಯ ಹೊಣೆ ನಿಲ್ಲುತ್ತದೆ. ಬ್ಯಾಟರಿ ಮತ್ತು ಪರದೆ ವಾರಂಟಿಯ ವ್ಯಾಪ್ತಿಗೆ ಬಾರದಿರುವುದೂ ಉಂಟು. ಒಮ್ಮೆ ಬಿಚ್ಚಿ ಜೋಡಿಸಿದ ಫೋನಿನ ಜಲನಿರೋಧಕ ಗುಣವು ಮೊದಲಿನಷ್ಟೇ ಇರುತ್ತದೆಂದು ಭಾವಿಸಲಾಗದು. ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020, ಆನ್‌ಲೈನ್ ಮಾರಾಟದಲ್ಲಿ ಹಿಂದಿರುಗಿಸುವಿಕೆ, ಹಣ ಮರುಪಾವತಿ ಮತ್ತು ವಾರಂಟಿಯ ವಿವರಗಳನ್ನು ಪ್ರಕಟಿಸುವಂತೆ ವಿಧಿಸುತ್ತವೆ. ದೂರುಗಳಿಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ವ್ಯಾಜ್ಯದ ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಇದಕ್ಕೆ ಐಎಂಇಐ ಅಥವಾ ಸರಣಿ ಸಂಖ್ಯೆ ನಮೂದಿಸಿರುವ ರಸೀದಿಯು ಮುಖ್ಯ ಆಧಾರವಾಗುತ್ತದೆ.

ಪರಿಸರದ ಮೇಲಿನ ಪರಿಣಾಮ

ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಗಿದ್ದು, ಅದರಲ್ಲಿ ಶೇ. 22.3ರಷ್ಟು ಮಾತ್ರ ದಾಖಲಿತ ರೀತಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಒಳಗಾಗಿದೆ. ಸ್ಮಾರ್ಟ್‌ಫೋನಿನ ಒಟ್ಟು ಇಂಗಾಲ ಹೊರಸೂಸುವಿಕೆಯ ಬಹುಪಾಲು ಅದರ ತಯಾರಿಕೆಯ ಹಂತದಲ್ಲಿಯೇ ಆಗುವುದರಿಂದ, ಇರುವ ಸಾಧನವನ್ನೇ ಹೆಚ್ಚು ಕಾಲ ಬಳಸುವುದು ಪ್ರಯೋಜನಕಾರಿ. ಆದರೆ ನವೀಕರಣವು ಸಾಧನದ ಆಯುಷ್ಯವನ್ನು ನಿಜವಾಗಿ ಹೆಚ್ಚಿಸಿದಾಗ ಮಾತ್ರ ಈ ಪ್ರಯೋಜನ ದೊರೆಯುತ್ತದೆ. ಕೆಲವೇ ತಿಂಗಳಲ್ಲಿ ಕೆಟ್ಟುನಿಲ್ಲುವ ನವೀಕೃತ ಸಾಧನವು ಕೊಂಡವರ ಹಣವನ್ನೂ ಉಳಿಸುವುದಿಲ್ಲ, ತ್ಯಾಜ್ಯವನ್ನೂ ಕಡಿಮೆ ಮಾಡುವುದಿಲ್ಲ.