ಸ್ಥಿರ ಉಪಾವಕಾಶದಿಂದ ರಿಫ್ಲೆಕ್ಸಿವ್ ಆಪರೇಟರಿಗೆ

ಸದಿಶಗಳ ಉದ್ದವನ್ನೂ ಅವುಗಳ ನಡುವಿನ ಕೋನವನ್ನೂ ಅಳೆಯಲು ಬರುವ, ಅನಂತ ಆಯಾಮಗಳಿಗೂ ಎಡೆಕೊಡುವ ಹಿಲ್ಬರ್ಟ್ ಅವಕಾಶದಲ್ಲಿ ರೇಖೀಯ ಆಪರೇಟರೊಂದು ಯಾವ ಸಂವೃತ ಉಪಾವಕಾಶದ ಸದಿಶಗಳನ್ನು ಅದರೊಳಗೇ ಇರಿಸುತ್ತದೆಯೋ ಅದು ಆ ಆಪರೇಟರಿನ ಸ್ಥಿರ ಉಪಾವಕಾಶ ಎನಿಸುತ್ತದೆ. ಶೂನ್ಯ ಮತ್ತು ಇಡೀ ಅವಕಾಶ ಎಂಬ ಎರಡು ಕ್ಷುಲ್ಲಕ ಉಪಾವಕಾಶಗಳನ್ನು ಬಿಟ್ಟು ಬೇರೊಂದು ಸ್ಥಿರ ಉಪಾವಕಾಶ, ಸದಿಶಗಳ ಉದ್ದವನ್ನು ಒಂದು ನಿಶ್ಚಿತ ಪಟ್ಟಿಗಿಂತ ಹೆಚ್ಚು ಹಿಗ್ಗಿಸದ ಎಲ್ಲ ಪರಿಬದ್ಧ ಆಪರೇಟರುಗಳಿಗೂ ಇದೆಯೇ ಎಂಬುದು ಈ ಶಾಖೆಯ ಮೂಲಪ್ರಶ್ನೆ. ಪರಿಮಿತ ಆಯಾಮದ ವ್ಯಾಪ್ತಿಯುಳ್ಳ ಆಪರೇಟರುಗಳ ಸೀಮೆಯಾಗಿ ದೊರೆಯುವ ಸಾಂದ್ರ ಆಪರೇಟರುಗಳಿಗೆ ಅದು ಇದ್ದೇ ಇದೆಯೆಂದು ಫಾನ್ ನಾಯ್ಮನ್ 1930ರ ದಶಕದಲ್ಲೇ ಕಂಡುಕೊಂಡಿದ್ದರೂ ಪ್ರಕಟಿಸಲಿಲ್ಲ. ಆ ಸಾಧನೆಯನ್ನು, ಕೋನವಿಲ್ಲದೆ ಉದ್ದವನ್ನಷ್ಟೇ ಅಳೆಯಲು ಬರುವ ಬಾನಾಖ್ ಅವಕಾಶಗಳಿಗೂ ವಿಸ್ತರಿಸಿ 1954ರಲ್ಲಿ ಅಚ್ಚಿಗೆ ತಂದವರು ಅರೋನ್‌ಝೈನ್ ಮತ್ತು ಸ್ಮಿತ್. ಅಷ್ಟರೊಳಗೆ, 1949ರಲ್ಲಿ, ಅನುಕ್ರಮದ ಪದಗಳನ್ನು ಒಂದೊಂದು ಸ್ಥಾನ ಮುಂದಕ್ಕೆ ಸರಿಸುವ ಶಿಫ್ಟ್ ಆಪರೇಟರಿನ ಸ್ಥಿರ ಉಪಾವಕಾಶಗಳೆಲ್ಲವನ್ನೂ ಬ್ಯೂರ್ಲಿಂಗ್ ವರ್ಣಿಸಿ ಮುಗಿಸಿದ್ದರು.

ಡೊನಾಲ್ಡ್ ಸಾರಸನ್ 1966ರಲ್ಲಿ ಪ್ರಶ್ನೆಯ ದಿಕ್ಕನ್ನೇ ತಿರುಗಿಸಿದರು. ಉಪಾವಕಾಶ ಇದೆಯೇ ಎಂದು ಹುಡುಕುವುದರ ಬದಲು, ಇರುವ ಉಪಾವಕಾಶಗಳೆಲ್ಲವೂ ಸೇರಿ ಆಪರೇಟರಿನ ಬಗ್ಗೆ ಎಷ್ಟು ಹೇಳುತ್ತವೆ ಎಂಬ ಪ್ರಶ್ನೆ ಮುಂದೆ ಬಂತು. ಒಂದು ಆಪರೇಟರಿನ ಸ್ಥಿರ ಉಪಾವಕಾಶಗಳೆಲ್ಲವನ್ನೂ ಕಾಯ್ದುಕೊಳ್ಳುವ ಬೇರೆ ಯಾವುದೇ ಆಪರೇಟರ್ ಮೊದಲನೆಯದರ ಬಹುಪದಗಳಿಂದಲೋ ಅವುಗಳ ದುರ್ಬಲ ಸೀಮೆಗಳಿಂದಲೋ ದೊರೆಯುವುದಾದರೆ ಆ ಮೊದಲನೆಯದು ರಿಫ್ಲೆಕ್ಸಿವ್. ಈ ಹೆಸರು ಹಾಲ್ಮೋಸ್ ಅವರದು. ತಮ್ಮ ಸಂಯುಗ್ಮಿ (adjoint) ಆಪರೇಟರಿನೊಡನೆ ಕ್ರಮ ಬದಲಿಸಬಹುದಾದ ನಾರ್ಮಲ್ ಆಪರೇಟರುಗಳೂ ಶಿಫ್ಟೂ ಈ ಗುಣವುಳ್ಳವೆಂದು ಸಾರಸನ್ ಸಾಧಿಸಿದರು.

ಎಲ್ಲ ಆಪರೇಟರುಗಳೂ ಹಾಗಿರುವುದಿಲ್ಲ ಎಂಬುದು ಎರಡೇ ಆಯಾಮಗಳಲ್ಲಿ ತಿಳಿಯುತ್ತದೆ. ಮೊದಲ ಆಧಾರ ಸದಿಶವನ್ನು ಶೂನ್ಯಕ್ಕೂ ಎರಡನೆಯದನ್ನು ಮೊದಲನೆಯದಕ್ಕೂ ಒಯ್ಯುವ ಆಪರೇಟರಿಗೆ ಮೊದಲ ಸದಿಶದ ರೇಖೆಯೊಂದೇ ಕ್ಷುಲ್ಲಕವಲ್ಲದ ಸ್ಥಿರ ಉಪಾವಕಾಶ. ಮೊದಲ ಸದಿಶವನ್ನು ಇದ್ದಂತೆ ಬಿಟ್ಟು ಎರಡನೆಯದನ್ನು ಇಮ್ಮಡಿಸುವ ಆಪರೇಟರೂ ಆ ರೇಖೆಯನ್ನು ಕಾಯುತ್ತದೆ, ಆದರೆ ಅದು ಹಿಂದಿನದರ ಯಾವ ಬಹುಪದವೂ ಅಲ್ಲ. ಪರಿಮಿತ ಆಯಾಮದ ಪೂರ್ಣ ಉತ್ತರವನ್ನು 1975ರಲ್ಲಿ ಡೆಡೆನ್ಸ್ ಮತ್ತು ಫಿಲ್ಮೋರ್ ನೀಡಿದರು: ರಿಫ್ಲೆಕ್ಸಿವ್ ಆಗಲು, ಆಪರೇಟರಿನ ಜೋರ್ಡನ್ ರೂಪದಲ್ಲಿ ಪ್ರತಿ ಐಗನ್ ಮೌಲ್ಯದ ಅತಿ ದೊಡ್ಡ ಎರಡು ಜೋರ್ಡನ್ ಖಂಡಗಳ ಗಾತ್ರದಲ್ಲಿ ಒಂದಕ್ಕಿಂತ ಹೆಚ್ಚು ಅಂತರವಿರಕೂಡದು, ಖಂಡ ಒಂದೇ ಇದ್ದರೆ ಅದರ ಗಾತ್ರ 1 ಆಗಿರಬೇಕು. ಇಷ್ಟು ಸ್ವಚ್ಛವಾದ ನಿಯಮ ಅನಂತ ಆಯಾಮದಲ್ಲಿ ದಕ್ಕಿಲ್ಲ.

ನಾರ್ಮಲ್ ಆಪರೇಟರನ್ನು ಅದರ ಸ್ಥಿರ ಉಪಾವಕಾಶವೊಂದಕ್ಕೆ ಸೀಮಿತಗೊಳಿಸಿದರೆ ದೊರೆಯುವ ಸಬ್‌ನಾರ್ಮಲ್ ಆಪರೇಟರುಗಳಿಗೆ ಕ್ಷುಲ್ಲಕವಲ್ಲದ ಸ್ಥಿರ ಉಪಾವಕಾಶವಿದೆಯೆಂದು ಸ್ಕಾಟ್ ಬ್ರೌನ್ 1978ರಲ್ಲಿ ತೋರಿಸಿದರು. ಎರಡೇ ವರ್ಷಗಳಲ್ಲಿ ಓಲಿನ್ ಮತ್ತು ಥಾಮ್ಸನ್ ಅವೆಲ್ಲವೂ ರಿಫ್ಲೆಕ್ಸಿವ್ ಎಂದು ಸಾಧಿಸಿದ್ದು ಈ ಇತಿಹಾಸದ ಅತ್ಯಂತ ಫಲವತ್ತಾದ ಅಧ್ಯಾಯ. ಬಾನಾಖ್ ಅವಕಾಶಗಳಲ್ಲಿ ಎನ್‌ಫ್ಲೋ ಮತ್ತು ರೀಡ್ ಪ್ರತ್ಯುದಾಹರಣೆಗಳನ್ನು ಕಟ್ಟಿ ಮೂಲಪ್ರಶ್ನೆಗೆ ಇಲ್ಲವೆಂಬ ಉತ್ತರ ಕೊಟ್ಟರು. ಹಿಲ್ಬರ್ಟ್ ಅವಕಾಶದಲ್ಲಿ ಅಂಥ ಆಪರೇಟರೊಂದು ಸಿಕ್ಕರೆ ಅದರ ಎರಡು ಕ್ಷುಲ್ಲಕ ಉಪಾವಕಾಶಗಳನ್ನು ಎಲ್ಲ ಆಪರೇಟರುಗಳೂ ಕಾಯುತ್ತವೆ. ಅದರ ಬಹುಪದಗಳಿಂದಲೂ ಅವುಗಳ ದುರ್ಬಲ ಸೀಮೆಗಳಿಂದಲೂ ಹುಟ್ಟುವ ಬೀಜಗಣಿತವೋ ಪರಸ್ಪರ ಕ್ರಮ ಬದಲಿಸಬಹುದಾದ ಆಪರೇಟರುಗಳಷ್ಟರದ್ದೇ ಆಗಿರುವುದರಿಂದ ಅದು ರಿಫ್ಲೆಕ್ಸಿವ್ ಆಗುವುದು ಎಂದಿಗೂ ಸಾಧ್ಯವಿಲ್ಲ.