ಗುಬ್ಬಿಯ ವರ್ತಕರು, ಬೆಂಗಳೂರಿನ ಛತ್ರ: ತೋಟದಪ್ಪನವರ ನೆನಪು

ನಮ್ಮ ಸಂಘದ ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಗೆ ನಮ್ಮ ಸೀಮೆಯ ಹಿರಿಯರೊಬ್ಬರ ಬಗ್ಗೆ ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ಕೇಳಿದಾಗ, ಎಲ್ಲರ ಬಾಯಲ್ಲೂ ಮೊದಲು ಬಂದ ಹೆಸರು ಗುಬ್ಬಿ ವೀರಣ್ಣನವರದು. ಅದರಲ್ಲಿ ತಪ್ಪೇನಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಿಂದ ನಮ್ಮೂರ ಹೆಸರು ನಾಡಿಗೆಲ್ಲ ಗೊತ್ತಾಯಿತು. ಆದರೆ ಗುಬ್ಬಿಯ ಹೆಸರನ್ನು ಬೆಂಗಳೂರಿನ ನಡುಮಧ್ಯೆ ಗೋಡೆಯ ಮೇಲೆ ಬರೆಸಿ ಹೋದ ಇನ್ನೊಬ್ಬರಿದ್ದಾರೆ. ಅವರನ್ನು ನಾವು ಒಂದು ರಸ್ತೆಯ ಹೆಸರಾಗಿ ಮಾತ್ರ ಬಲ್ಲೆವು. ಅವರು ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು.

ತೋಟದಪ್ಪನವರು 1838ರಲ್ಲಿ ಗುಬ್ಬಿಯ ಲಿಂಗಾಯತ ಮನೆತನವೊಂದರಲ್ಲಿ ಹುಟ್ಟಿದರು. ಗುಬ್ಬಿ ಆಗಲೇ ಹಳೆಯ ವ್ಯಾಪಾರದ ಊರು. ಟಿಪ್ಪು ಸುಲ್ತಾನರ ಕಾಲ ಮುಗಿದ ಮರುವರ್ಷಗಳಲ್ಲಿ ಈ ದೇಶವನ್ನೆಲ್ಲ ಸುತ್ತಿದ ಬುಕಾನನ್ ದೊರೆ ಗುಬ್ಬಿ ಪೇಟೆಯನ್ನೂ ನೋಡಿ ಬರೆದಿಟ್ಟಿದ್ದಾನೆ. ಮಲೆನಾಡಿನ ಅಡಿಕೆ ಕೆಳಸೀಮೆಗೆ ಇಳಿಯುವ ದಾರಿಯಲ್ಲಿ ಗುಬ್ಬಿ ಒಂದು ಮುಖ್ಯ ಮಾರುಕಟ್ಟೆ. ಎತ್ತಿನ ಮೇಲೆ ಹೇರು, ಸಂತೆ, ಬಾಯಿಮಾತಿನ ಸಾಲ: ಇದೇ ಆ ಕಾಲದ ವ್ಯಾಪಾರ. ಅಂಥ ಊರಿಂದ ಅವರ ಮನೆಯವರು ಬೆಂಗಳೂರಿಗೆ ಹೋಗಿ ಮಾಮೂಲ್‌ಪೇಟೆಯಲ್ಲಿ ವ್ಯಾಪಾರಕ್ಕೆ ಕೂತರು. ಅಲ್ಲಿ ತೋಟದಪ್ಪನವರ ಕೈ ಹಿಡಿಯಿತು, ದುಡ್ಡೂ ಬಂತು. ಬೆಂಗಳೂರಿನಲ್ಲಿ ಬಾಳಿದರೂ ಹೆಸರಿನ ಮುಂದೆ ‘ಗುಬ್ಬಿ’ ಮಾತ್ರ ಕೊನೆತನಕ ಹಾಗೇ ನಿಂತಿತು. ಇವತ್ತು ಊರು ಬಿಟ್ಟು ಹೋದವರು ಎಷ್ಟು ಜನ ಊರ ಹೆಸರು ಇಟ್ಟುಕೊಂಡಿದ್ದಾರೆ, ನೋಡಿ!

ಅವರ ನಡುವಯಸ್ಸಿನಲ್ಲೇ ಈ ಸೀಮೆಯ ದಾರಿ ಬದಲಾಯಿತು. 1876-78ರ ಧಾತು ಈಶ್ವರದ ಬರ ಮೈಸೂರು ಸೀಮೆಯನ್ನು ಹಿಂಡಿ ಹಾಕಿತ್ತು. ಬರ ಬಂದಾಗ ಧಾನ್ಯ ಸಾಗಿಸೋದಕ್ಕೆ ದಾರಿಯಿಲ್ಲ ಎಂಬುದು ಸರ್ಕಾರಕ್ಕೂ ಮನದಟ್ಟಾಗಿ ರೈಲು ಹಾದಿಯ ಕೆಲಸ ಚುರುಕಾಯಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. 1889ರ ಹೊತ್ತಿಗೆ ಅದೇ ಹಾದಿ ಗುಬ್ಬಿ, ತಿಪಟೂರು, ಅರಸೀಕೆರೆ ದಾಟಿ ಹರಿಹರದ ಆಚೆಗೂ ಮುಟ್ಟಿತು. ಹಿಂದೆ ಗಾಡಿ ಕಟ್ಟಿಕೊಂಡು ದಿನಗಟ್ಟಲೆ ಹೋಗುತ್ತಿದ್ದ ಜನ ಈಗ ಒಂದೇ ಹಗಲಲ್ಲಿ ಬೆಂಗಳೂರು ಸೇರೋರು. ಕೋರ್ಟು ಕಚೇರಿ, ಆಸ್ಪತ್ರೆ, ಓದು, ವ್ಯಾಪಾರ, ಎಲ್ಲಕ್ಕೂ ಬೆಂಗಳೂರೇ. ಸರಿ, ಇಳಿದ ಮೇಲೆ ಎಲ್ಲಿಗೆ ಹೋಗೋದು? ಹೋಟೆಲಿನಲ್ಲಿ ತಂಗುವುದು ಹಳ್ಳಿಯವರಿಗೆ ಗೊತ್ತಿಲ್ಲದ ಮಾತು, ಕೈಯಲ್ಲಿ ಕಾಸೂ ಇಲ್ಲ. ನೆಂಟರಿದ್ದವರು ನೆಂಟರ ಮನೆಗೆ ಹೋದರು, ಇಲ್ಲದವರಿಗೆ ಜಗುಲಿಯೇ ಗತಿ.

ಈ ಕಷ್ಟಕ್ಕೆ ತೋಟದಪ್ಪನವರು ಸರಿಯಾದ ಜಾಗ ಹುಡುಕಿದರು. ಪೇಟೆಯೊಳಗೆ ತಮ್ಮ ಅಂಗಡಿಯ ಪಕ್ಕದಲ್ಲಿ ಛತ್ರ ಕಟ್ಟಿಸಿದ್ದರೆ ದಿನಾ ನಾಲ್ಕು ಜನ ನೋಡಿ ಹೊಗಳೋರು. ಅವರು ಹಾಗೆ ಮಾಡಲಿಲ್ಲ. 1897ರಲ್ಲಿ ರೈಲ್ವೆ ಸ್ಟೇಷನ್ನಿನ ಎದುರಿಗೇ ಜಾಗ ಕೊಂಡರು. ಆಗ ಅಲ್ಲಿ ಮೆಜೆಸ್ಟಿಕ್ ಎಲ್ಲಿತ್ತು? ಈಗ ಬಸ್ ನಿಲ್ದಾಣ ಇರುವ ಕಡೆ ಧರ್ಮಾಂಬುಧಿ ಕೆರೆ. ಮರುವರ್ಷ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂತು. ಜನ ಪೇಟೆ ಬಿಟ್ಟು ಬಯಲಿಗೆ ಓಡಿದರು. ಅಂಥ ಕಾಲ ಕಳೆದು 1903ರಲ್ಲಿ ಛತ್ರದ ಬಾಗಿಲು ತೆರೆಯಿತು. ಬಾಗಿಲು ತೆರೆದವರು ನಾಲ್ವಡಿ ಕೃಷ್ಣರಾಜ ಒಡೆಯರು. ಹಿಂದಿನ ವರ್ಷವಷ್ಟೇ ರಾಜ್ಯದ ಪೂರ್ಣಾಧಿಕಾರ ವಹಿಸಿಕೊಂಡಿದ್ದ ಎಳೆಯ ಮಹಾರಾಜರು, ಅರವತ್ತು ದಾಟಿದ ವರ್ತಕರ ಕೆಲಸಕ್ಕೆ ಬಂದು ನಿಂತರು. ಛತ್ರದ ಜೊತೆಗೆ ಓದುವ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯವೂ ಆಯಿತು. ಛತ್ರ ಒಂದು ರಾತ್ರಿಯ ಉಪಕಾರವಾದರೆ ಹಾಸ್ಟೆಲು ಒಂದು ಮನೆತನಕ್ಕೇ ಆದ ಉಪಕಾರ. ನಮ್ಮ ದೃಷ್ಟಿಯಲ್ಲಿ ಇದೇ ದೊಡ್ಡದು.

ಹಿಂದಿನವರು ಹೇಳ್ತಿದ್ದ ಮಾತು ಹೀಗಿತ್ತು: “ರಾತ್ರಿ ಗಾಡಿಗೆ ಹೋಗ್ತೀಯಾ? ಹೆದರಬೇಡ, ಎದುರಿಗೇ ತೋಟದಪ್ಪನ ಛತ್ರ ಇದೆ.” ಬುತ್ತಿಗಂಟು, ಒಂದು ಚಾಪೆ, ದಸ್ತಾವೇಜಿನ ಚೀಲ, ಇಷ್ಟು ಹಿಡಿದು ಹೋದವರಿಗೆ ಅಷ್ಟು ಧೈರ್ಯ ಸಾಕಾಗಿತ್ತು. ಕುಣಿಗಲ್ಲಿನವರಿಗೆ ರೈಲು ಬಂದದ್ದು 2017ರಲ್ಲಿ. ಅಲ್ಲಿಯತನಕ ಅವರು ಬಸ್ಸಿಗೇ ಹೋದರು. ಕೆರೆ ಹೋಗಿ ಬಸ್ ನಿಲ್ದಾಣವಾದ ಮೇಲೆ ಛತ್ರ ಅವರಿಗೂ ಹತ್ತಿರವೇ ಆಯಿತು.

ಇನ್ನು ನಮ್ಮ ಸಂಘದ ಸದಸ್ಯರು ಗಮನಿಸಬೇಕಾದ ಒಂದು ವಿಷಯ ಇದೆ. ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲದ ಸಾಹುಕಾರರು ಕಟ್ಟಿಸಿದ ಛತ್ರ, ಅರವಟ್ಟಿಗೆ, ಗುಂಡುತೋಪು ನಮ್ಮ ಕಡೆ ಬೇಕಾದಷ್ಟಿವೆ. ಕಟ್ಟಿಸಿದವರು ಕಣ್ಣು ಮುಚ್ಚಿದ ಮೇಲೆ ಅವುಗಳ ಪಾಡು ಏನಾಯಿತು ಅಂತ ನಾವು ಬರೆಯಬೇಕಾಗಿಲ್ಲ. ಒಂದರಲ್ಲಿ ದನ ಕಟ್ಟಿದ್ದಾರೆ, ಇನ್ನೊಂದು ಯಾರದೋ ಖಾತೆಯಲ್ಲಿದೆ. ತೋಟದಪ್ಪನವರು ವ್ಯಾಪಾರಿ. ಬಾಯಿಮಾತಿಗೆ ಎಷ್ಟು ಬೆಲೆ ಎಂಬುದು ಅವರಿಗೆ ಗೊತ್ತಿತ್ತು. 1910ರಲ್ಲಿ, ತಮ್ಮ ಕೊನೆಯ ದಿನಗಳಲ್ಲಿ, ಆಸ್ತಿಯನ್ನೆಲ್ಲ ಧರ್ಮಸಂಸ್ಥೆಗೆ ಬರೆದು, ಅದರ ಮೊದಲ ಅಧ್ಯಕ್ಷರನ್ನಾಗಿ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರನ್ನು ನೇಮಿಸಿದರು. ಚೆಟ್ಟಿಯವರು ಸಂಸ್ಥಾನದ ಆಡಳಿತದಲ್ಲಿ ದೊಡ್ಡ ಹುದ್ದೆಗಳಲ್ಲಿ ಪಳಗಿದವರು, ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿದ್ದವರು. ಈಗಿನ ಪುರಭವನಕ್ಕೆ ಅವರದೇ ಹೆಸರು. ಅದೇ ಫೆಬ್ರವರಿಯಲ್ಲಿ ತೋಟದಪ್ಪನವರು ತೀರಿಕೊಂಡರು. ಯಜಮಾನರು ಹೋದರೂ ಛತ್ರದ ಬಾಗಿಲು ಹಾಕಲಿಲ್ಲ. ನೂರು ವರ್ಷ ಕಳೆದು ಈಗಲೂ ಸಂಸ್ಥೆ ನಡೆಯುತ್ತಿದೆ.

ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ಕಾನೂನು ಬಂದದ್ದು 1905ರಲ್ಲಿ, ಅಂದರೆ ಛತ್ರ ತೆರೆದ ಎರಡೇ ವರ್ಷಕ್ಕೆ. ಧರ್ಮಸಂಸ್ಥೆ ಬೇರೆ, ಸಹಕಾರ ಸಂಘ ಬೇರೆ, ಒಪ್ಪೋಣ. ಅಲ್ಲಿ ಒಬ್ಬರ ಗಂಟು, ಇಲ್ಲಿ ನೂರಾರು ಜನರ ಷೇರು. ಆದರೆ ಎರಡರಲ್ಲೂ ಗಲ್ಲಾಪೆಟ್ಟಿಗೆಯ ಬೀಗದಕೈ ಯಾರ ಮನೆಯ ಸೊತ್ತೂ ಅಲ್ಲ. ನಮ್ಮ ಗೋದಾಮಿನ ಕಲ್ಲಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಅಂತ ಎರಡು ಮೀಟಿಂಗು ಕಳೆದ ನಾವು, ಆಡಿಟ್ ವರದಿ ಓದುವ ದಿನ ಕೋರಂ ಸಾಲದೆ ಸಭೆ ಮುಂದಕ್ಕೆ ಹಾಕಿದ್ದೇವೆ. ಬೆಳ್ಳಿಹಬ್ಬದ ದಿನ ಇದನ್ನು ಬರೆಯಬಾರದಿತ್ತೇನೋ, ಇರಲಿ.

ನಮ್ಮ ಹಳ್ಳಿಗಳಲ್ಲಿ ಆ ಛತ್ರದಲ್ಲಿ ಮಲಗಿ ಎದ್ದವರು, ಆ ಹಾಸ್ಟೆಲಿನಲ್ಲಿದ್ದು ಓದಿದವರು ಇನ್ನೂ ಇದ್ದಾರೆ. ಅಂಥ ಹಿರಿಯರು ಬಿಡುವಾದಾಗ ಸಂಘದ ಕಚೇರಿಗೆ ಬರಬೇಕು. ಯಾವ ವರ್ಷ, ಏನು ಕೆಲಸಕ್ಕೆ ಹೋಗಿದ್ದಿರಿ, ಎಷ್ಟು ದಿನ ಇದ್ದಿರಿ, ಅಷ್ಟು ಹೇಳಿದರೆ ಸಾಕು. ಬರೆದುಕೊಳ್ಳುವುದಕ್ಕೆ ಒಂದು ಪುಸ್ತಕವನ್ನು ಕಾರ್ಯದರ್ಶಿಗಳ ಮೇಜಿನ ಮೇಲೆ ಇಟ್ಟಿದ್ದೇವೆ.